ಫ್ರಿಜ್ಜಿಗೆ ನಕ್ಷತ್ರವಿದೆ, ಮನೆಗೆ ಏಕಿಲ್ಲ?

ಅತ್ತಿಬೆಲೆಯ ಅಂಗಡಿಯೊಂದರಲ್ಲಿ ಫ್ರಿಜ್ಜು ಕೊಳ್ಳುವವನಿಗೆ ಅದು ವರ್ಷಕ್ಕೆ ಎಷ್ಟು ಯೂನಿಟ್ ವಿದ್ಯುತ್ ನುಂಗುತ್ತದೆಂಬುದು ಅದರ ಬಾಗಿಲ ಮೇಲೆಯೇ ಅಂಟಿಸಿರುತ್ತದೆ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ಆರಂಭಿಸಿದ ನಕ್ಷತ್ರ ಚೀಟಿಯ ಪದ್ಧತಿಯಿದು. ಅದೇ ಗಿರಾಕಿ ಪಕ್ಕದ ಬೀದಿಯಲ್ಲಿ ‘ಮನೆ ಬಾಡಿಗೆಗೆ ಇದೆ’ ಎಂಬ ಫಲಕದೆದುರು ನಿಂತರೆ ತಿಳಿಯುವುದು ಎರಡೇ ಸಂಗತಿ: ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು. ಫ್ರಿಜ್ಜನ್ನು ಇಡಬೇಕಾದ ಆ ಮನೆ ಎಷ್ಟು ವಿದ್ಯುತ್ತನ್ನು ಬೇಡುತ್ತದೆಂದು ಹೇಳುವ ಹೊಣೆ ಯಾರಿಗೂ ಇಲ್ಲ.

ಆನೇಕಲ್ ತಾಲ್ಲೂಕಿನ ಈ ಗಡಿಪಟ್ಟಣದಲ್ಲಿ ಕಾರ್ಖಾನೆಗಳಿಗೆ ದುಡಿಯಲು ಬಂದವರಿಗಾಗಿ ಮನೆಗಳು ಒಂದರ ಮೈಗೊಂದು ಅಂಟಿಕೊಂಡು ಎದ್ದಿವೆ. ಸಿಮೆಂಟ್ ಇಟ್ಟಿಗೆಯ ತೆಳು ಗೋಡೆ, ಮುಂದೊಂದೇ ಕಿಟಕಿ, ಮೇಲೆ ಬಿಸಿಲನ್ನು ಹೀರಿಕೊಂಡು ರಾತ್ರಿಯಿಡೀ ಕಾರುವ ತಾರಸಿ. ಮೇಲಂತಸ್ತಿನಲ್ಲೊಂದು ಶೀಟಿನ ಮನೆಯಿದ್ದರೆ ಅದರ ಪಾಡು ಕೇಳುವುದೇ ಬೇಡ. ಹಾಡುಹಗಲೇ ದೀಪ ಉರಿಯಬೇಕು, ಫ್ಯಾನು ನಿಲ್ಲುವಂತಿಲ್ಲ. ತಾರಸಿಯ ಮೇಲೆ ಸೋಲಾರ್ ಹೀಟರ್ ಇದ್ದರೂ ಅದರ ಬಿಸಿನೀರು ಹೆಚ್ಚಾಗಿ ಮಾಲೀಕನ ಬಚ್ಚಲಿಗೆ; ಬಾಡಿಗೆದಾರನಿಗೆ ಗೀಸರ್, ಅದೂ ಇಲ್ಲದಿದ್ದರೆ ಬಕೆಟ್ಟಿಗೆ ಇಳಿಬಿಡುವ ಹೀಟರ್ ಕಾಯಿಲ್. ಗೋಡೆಯನ್ನು ನಿರ್ಧರಿಸುವವನು ಒಬ್ಬ, ಬಿಲ್ಲು ಕಟ್ಟುವವನು ಇನ್ನೊಬ್ಬ. ಕಟ್ಟಿಸುವವನಿಗೆ ಒಂದು ಕಿಟಕಿ ಹೆಚ್ಚು ಇಡಿಸಲು ಕಾರಣವಾದರೂ ಏನಿದೆ?

ಬಯಲುಸೀಮೆಯ ಈ ಬಾಡಿಗೆ ಮನೆಗಳ ಗೊಡವೆ ಮಲೆನಾಡಿಗೇಕೆ ಎಂದು ಕೇಳುವವರಿದ್ದಾರೆ. ಎರಡು ಕಿಲೋವಾಟಿನ ಗೀಸರು ಬೆಳಗಿನ ಆರೂವರೆಗೆ ಐನೂರು ಮನೆಗಳಲ್ಲಿ ಒಟ್ಟಿಗೇ ಹೊತ್ತಿಕೊಂಡರೆ 1 ಮೆಗಾವಾಟ್ ಬೇಕು. ಅಂಥ ಬೀದಿಗಳು ಹೆಬ್ಬಗೋಡಿಯಿಂದ ಪೀಣ್ಯದವರೆಗೆ ಎಷ್ಟಿಲ್ಲ! ತಂತಿಯಲ್ಲಿ ಹರಿಯುವ ಯಾವ ಯೂನಿಟ್ ಯಾವ ನದಿಯದೆಂದು ಬೇರ್ಪಡಿಸಲಾಗದು, ನಿಜ. ಆದರೆ ಬೆಳಗು ಬೈಗಿನ ಈ ಏರುಬೇಡಿಕೆಯನ್ನೇ ಮುಂದಿಟ್ಟು ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ, ಸಿಂಗಳೀಕಗಳ ಅಭಯಾರಣ್ಯದಲ್ಲಿ, 2000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಪ್ರಸ್ತಾಪಿಸಲಾಗಿದೆ. ನೀರನ್ನು ಮೇಲೆತ್ತಲು ತಾನು ಉತ್ಪಾದಿಸುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ತಿನ್ನುವ ಯೋಜನೆಯಿದು! 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಗೆ ಊರು ತೊರೆದವರ ಮೊಮ್ಮಕ್ಕಳು ಇಂದಿಗೂ ಭೂಮಿಯ ಹಕ್ಕಿಗಾಗಿ ಕಚೇರಿ ಅಲೆಯುತ್ತಿದ್ದಾರೆ. ಬೇಡಿಕೆಯನ್ನು ತಗ್ಗಿಸುವ ಮಾತನ್ನೇ ಎತ್ತದೆ ಕಣಿವೆಯನ್ನು ಮತ್ತೆ ಕೊರೆಯಲು ಹೊರಡುವುದು ಯಾವ ನ್ಯಾಯ?

ಮನೆಗೆ ನಕ್ಷತ್ರ ಕೊಡುವ ವಿದ್ಯೆ ಇಲ್ಲವೆಂದೇನಲ್ಲ. ವಸತಿ ಕಟ್ಟಡಗಳ ಗೋಡೆ, ಕಿಟಕಿ, ಮಾಡುಗಳ ಮೂಲಕ ಎಷ್ಟು ಶಾಖ ಒಳಬರಬಹುದೆಂಬ ಮಿತಿಯನ್ನು ‘ಇಕೋ ನಿವಾಸ ಸಂಹಿತೆ’ 2018ರಲ್ಲೇ ಗೊತ್ತುಪಡಿಸಿತು. ಮರುವರ್ಷ ಬ್ಯೂರೋ ಮನೆಗಳಿಗೂ ಒಂದರಿಂದ ಐದು ನಕ್ಷತ್ರಗಳ ಚೀಟಿಯನ್ನು ತಂದಿತು. ಆದರೆ ಅದು ಐಚ್ಛಿಕ. ಫ್ರಾಸ್ಟ್ ಫ್ರೀ ಫ್ರಿಜ್ಜಿನ ಚೀಟಿಯೂ ಐಚ್ಛಿಕವಾಗಿಯೇ ಹುಟ್ಟಿ 2010ರಲ್ಲಿ ಕಡ್ಡಾಯವಾಯಿತು. ಮನೆಯ ಚೀಟಿ ಮಾತ್ರ ಹುಟ್ಟಿದಲ್ಲೇ ಕುಳಿತಿದೆ. ಇಂಧನ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿ ವಸತಿ ಕಟ್ಟಡಗಳನ್ನೂ ಸಂಹಿತೆಯ ವ್ಯಾಪ್ತಿಗೆ ತಂದಿತಾದರೂ, ಅದು ಅನ್ವಯಿಸುವುದು 100 ಕಿಲೋವಾಟ್ ಅಥವಾ ಅದಕ್ಕೂ ಮೇಲಿನ ವಿದ್ಯುತ್ ಭಾರದ ಕಟ್ಟಡಗಳಿಗೆ. ಒಂದೆರಡು ಕಿಲೋವಾಟಿನ ಬಾಡಿಗೆ ಮನೆಗಳ ಅತ್ತಿಬೆಲೆಯನ್ನು ಈ ಬಲೆ ಮುಟ್ಟುವುದೇ ಇಲ್ಲ.

ಐರೋಪ್ಯ ಒಕ್ಕೂಟವು ಮನೆ ಮಾರುವಾಗಲೂ ಬಾಡಿಗೆಗೆ ಕೊಡುವಾಗಲೂ ಇಂಧನ ಪ್ರಮಾಣಪತ್ರ ತೋರಿಸಬೇಕೆಂದು 2002ರಲ್ಲೇ ನಿರ್ದೇಶಿಸಿತು. ಇಂಗ್ಲೆಂಡಿನಲ್ಲಿ 2018ರಿಂದ ತೀರಾ ಕೆಳದರ್ಜೆಯ ಮನೆಯನ್ನು ಹೊಸದಾಗಿ ಬಾಡಿಗೆಗೆ ಕೊಡಲು ಸಾಮಾನ್ಯವಾಗಿ ಅವಕಾಶವಿಲ್ಲ. ಅವು ಚಳಿಯ ನಾಡುಗಳು, ಬೆಂಗಳೂರು ತಂಪಿನ ಊರಲ್ಲವೇ ಎಂಬ ವಾದವುಂಟು. ಈ ವಾದ ಹೂಡುವವರು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನವನ್ನು ಶೀಟಿನ ಮನೆಯಲ್ಲಿ ಕಳೆಯಲಿ. ನಕ್ಷತ್ರ ಬಂದರೆ ಬಾಡಿಗೆ ಏರುತ್ತದೆಂಬ ಭಯ ಮಾತ್ರ ಹುಸಿಯಲ್ಲ. ಅದಕ್ಕೇ ಮೊದಲ ಹೊರೆ ಹೊಸ ಕಟ್ಟಡಗಳ ಮೇಲೆ ಬೀಳಬೇಕು. ಹಳೆಯವಕ್ಕೆ ತಾರಸಿಗೆ ಬಿಳಿ ಸುಣ್ಣ, ಬಾಡಿಗೆದಾರನಿಗೂ ಸೋಲಾರ್ ನೀರು ಎಂಬಷ್ಟರಿಂದ ಆರಂಭವಾದರೂ ಸಾಕು.

ಸರ್ಕಾರಕ್ಕೂ ಇದರಲ್ಲಿ ಸ್ವಂತ ಲಾಭವಿದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಬಾಡಿಗೆದಾರರನ್ನೂ ಒಳಗೊಂಡಿದೆ. ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ, ಹಿಂದಿನ ಸರಾಸರಿ ಬಳಕೆಗೆ ತುಸು ಸೇರಿಸಿದಷ್ಟು ವಿದ್ಯುತ್ತು ಉಚಿತ. ಬಡವನ ಬಿಲ್ಲು ಇಳಿದದ್ದು ಸರಿಯೇ. ಆದರೆ ಕೆಟ್ಟ ಗೋಡೆಗಳು ಬೇಡುವ ವಿದ್ಯುತ್ತಿಗೆ ಈಗ ಬೊಕ್ಕಸವೇ ಹಣ ತೆರುತ್ತಿದೆ, ಕಟ್ಟಿಸಿದವನಲ್ಲ.

100 ಕಿಲೋವಾಟಿನ ಆ ಮಿತಿಯನ್ನು ಕೆಳಗಿಳಿಸುವ ಅಧಿಕಾರವನ್ನು 2022ರ ತಿದ್ದುಪಡಿ ರಾಜ್ಯ ಸರ್ಕಾರಗಳಿಗೇ ಕೊಟ್ಟಿದೆ. ಅದಕ್ಕೆ ದಿಲ್ಲಿಯ ಅಪ್ಪಣೆ ಬೇಕಿಲ್ಲ, ಅಣೆಕಟ್ಟಿನಷ್ಟು ಹಣವೂ ಬೇಕಿಲ್ಲ. ವಿಧಾನಸೌಧದಿಂದ ಒಂದು ಅಧಿಸೂಚನೆ ಹೊರಬಿದ್ದರಾಯಿತು. ಶರಾವತಿಯ ಕಾಡಿಗೆ ಸಮೀಕ್ಷೆಯ ಗೂಟ ಹೊತ್ತು ಬರುವ ಅಧಿಕಾರಿಗಳನ್ನು ಹಳ್ಳಿಗರು ಮೊದಲು ಕೇಳಬೇಕಾದ ಪ್ರಶ್ನೆಯಿದು: ಆ ಅಧಿಸೂಚನೆ ಎಲ್ಲಿದೆ?