ಕತ್ತಿನ ಉರಿಗೆ ಐದನೇ ಬ್ಲೇಡು ಮದ್ದಲ್ಲ

ಶೇವ್ ಮಾಡಿದರೆ ಕತ್ತು ಕೆಂಪಾಗುತ್ತದೆ ಅಂತ ಹೇಳಿ ನೋಡಿ, ಅಂಗಡಿಯವರು ಮೊದಲು ಕೇಳುವುದು ‘ನಿಮ್ಮದು ಸೆನ್ಸಿಟಿವ್ ಸ್ಕಿನ್ನಾ?’ ಎಂದು. ಹೌದು ಎಂದರೆ ಒಂದು ಜೆಲ್, ಒಂದು ಬಾಮ್, ಇನ್ನೊಂದು ಬ್ಲೇಡು ಹೆಚ್ಚಿರುವ ರೇಜರ್ ಕೌಂಟರಿನ ಮೇಲೆ ಬಂದು ಕೂರುತ್ತವೆ. ಆ ಪ್ರಶ್ನೆಯೇ ದಾರಿ ತಪ್ಪಿಸುವಂಥದ್ದು. ಹೀಗೆ ಕತ್ತು ಉರಿಸಿಕೊಳ್ಳುವ ಬಹಳಷ್ಟು ಗಂಡಸರ ಚರ್ಮಕ್ಕೆ ಯಾವ ಕಾಯಿಲೆಯೂ ಇಲ್ಲ, ತಪ್ಪಿರುವುದು ಕೈಯಲ್ಲಿ. ಆ ಕೈಗೆ ಬೇಕಾದ ವಿದ್ಯೆ ನಮ್ಮ ಬೀದಿಯಲ್ಲೇ ಇತ್ತು. ಅದನ್ನು ಬಲ್ಲವರನ್ನು ನಾವು ಬಲ್ಲವರೆಂದು ಎಣಿಸಲಿಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಕೆನ್ನೆಯ ಕೂದಲು ಹೆಚ್ಚುಕಡಿಮೆ ಕೆಳಮುಖವಾಗಿ ಬೆಳೆಯುತ್ತದೆ. ಕತ್ತಿನಲ್ಲಿ ಆ ಶಿಸ್ತಿಲ್ಲ. ದವಡೆಯಡಿ ಕೆಳಕ್ಕೆ, ಗಂಟಲಿನ ಉಬ್ಬಿನ ಪಕ್ಕದಲ್ಲಿ ಅಡ್ಡಕ್ಕೆ, ಕೊರಳಿನ ಬುಡದಲ್ಲಿ ಮೇಲಕ್ಕೆ. ಕೆಲವರಿಗೆ ಸುಳಿಯೇ ಇರುತ್ತದೆ. ಕೆನ್ನೆಗೆ ಎಳೆದ ಹಾಗೆಯೇ ಕತ್ತಿಗೂ ಎಳೆದರೆ ಎಷ್ಟೋ ಕೂದಲಿಗೆ ಬ್ಲೇಡು ಎದುರಾಗಿ ಹೋಗುತ್ತದೆ. ಅಲ್ಲಿನ ಚರ್ಮವೂ ಸಡಿಲ, ಮೇಲೆ ಕಾಲರಿನ ಉಜ್ಜಾಟ ಬೇರೆ. ಕೆರೆದ ಚರ್ಮ ಉರಿಯುವುದು ಒಂದು ತೊಂದರೆ. ಒಂದೆರಡು ದಿನದಲ್ಲಿ ತಣ್ಣಗಾಗುತ್ತದೆ. ಕತ್ತರಿಸಿದ ಕೂದಲು ಹೊರಗೆ ಬರದೆ ಚರ್ಮದೊಳಕ್ಕೇ ಚುಚ್ಚಿಕೊಂಡು ಗುಳ್ಳೆಯಾಗುವುದು ಇನ್ನೊಂದು. ಗುಂಗುರು ಕೂದಲಿನವರನ್ನು ಕಾಡುವುದು ಮುಖ್ಯವಾಗಿ ಈ ಎರಡನೆಯದು.

ಕಿಂಗ್ ಕ್ಯಾಂಪ್ ಜಿಲೆಟ್ ತನ್ನ ಬಿಸಾಡುವ ಬ್ಲೇಡಿನ ರೇಜರಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1904ರಲ್ಲಿ. ಅದರಲ್ಲಿದ್ದದ್ದು ಒಂದೇ ಬ್ಲೇಡು. ಅವನ ಕಂಪನಿ 1971ರಲ್ಲಿ ಎರಡು, 1998ರಲ್ಲಿ ಮೂರು, 2006ರಲ್ಲಿ ಐದು ಬ್ಲೇಡುಗಳನ್ನು ಒಂದರ ಹಿಂದೊಂದು ಜೋಡಿಸಿತು. ಮುಂದಿನ ಬ್ಲೇಡು ಕೂದಲನ್ನು ಹೊರಗೆಳೆಯಬೇಕು, ಅದು ಒಳಸರಿಯುವ ಮುನ್ನ ಹಿಂದಿನದು ಕತ್ತರಿಸಬೇಕು. ಇದು ಜಾಹೀರಾತು ಹೆಮ್ಮೆಯಿಂದ ಹೇಳುವ ತಂತ್ರ. ಕತ್ತರಿಸಿದ ತುದಿ ಚರ್ಮಕ್ಕಿಂತ ಕೆಳಗೆ ಹೋಗಿ ಕೂರುವುದೂ ಇದೇ ತಂತ್ರದಿಂದಲೇ, ಅದನ್ನು ಮಾತ್ರ ಹೇಳುವುದಿಲ್ಲ. ಐದು ಬ್ಲೇಡಿನದನ್ನು ಒಂದೇ ಜಾಗದಲ್ಲಿ ಮೂರು ಸಲ ಎಳೆದರೆ ಚರ್ಮದ ಮೇಲೆ ಹದಿನೈದು ಸಲ ಬ್ಲೇಡು ಹಾಯುತ್ತದೆ. ಇದಾದ ಮೇಲೆ ಉರಿಗೆ ಬಾಮ್ ಮಾರುವುದು ಒಳ್ಳೆಯ ವ್ಯಾಪಾರ.

ಮಾಡಬೇಕಾದ್ದು ಸರಳ. ಒಂದೆರಡು ದಿನ ಗಡ್ಡ ಬಿಟ್ಟು, ಕತ್ತಿನ ಮೇಲೆ ಬೆರಳಾಡಿಸಿ ಯಾವ ಕಡೆ ನುಣುಪು, ಯಾವ ಕಡೆ ಒರಟು ಎಂದು ತಿಳಿದುಕೊಳ್ಳಿ. ನುಣುಪಾದ ಕಡೆಗೇ ಕೂದಲು ಮಲಗಿರುವುದು. ಸ್ನಾನವಾದ ಮೇಲೆ ಶೇವ್ ಮಾಡಿ. ನೆನೆದ ಕೂದಲು ಮೆತ್ತಗಾಗಿರುತ್ತದೆ. ನೊರೆಯನ್ನು ಬ್ರಷ್ಷಿನಿಂದ ನಿಧಾನವಾಗಿ ಏಳಿಸಿ. ಹೊಸ ಬ್ಲೇಡು, ಒತ್ತಡವಿಲ್ಲದ ಕೈ, ಕೂದಲು ಮಲಗಿದ ದಿಕ್ಕಿನಲ್ಲಿ ಚಿಕ್ಕ ಚಿಕ್ಕ ಎಳೆತ. ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯಬೇಡಿ. ಒಂದೇ ಸುತ್ತು ಸಾಕು.

ಉರಿ ಬಂದೇಬಿಟ್ಟಿದ್ದರೆ ತಣ್ಣೀರಿನ ಬಟ್ಟೆ ಇಡಿ, ವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್ ಹಚ್ಚಿ, ವಾಸಿಯಾಗುವ ತನಕ ಬ್ಲೇಡಿಗೆ ರಜೆ ಕೊಡಿ. ಸ್ಪಿರಿಟ್ ಇರುವ ಆಫ್ಟರ್‌ಶೇವ್ ಬೇಡ. ಗುಳ್ಳೆಯನ್ನು ಉಗುರಿನಿಂದ ಕೆದಕಬೇಡಿ. ಕೀವು ತುಂಬಿದರೆ, ವಾರಗಟ್ಟಲೆ ಹೋಗದಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ. ನಮ್ಮಂಥ ಕಂದು ಚರ್ಮದಲ್ಲಿ ಗುಳ್ಳೆ ಹೋದ ಮೇಲೂ ಕಪ್ಪು ಕಲೆ ಉಳಿಯುತ್ತದೆ. ಕಲೆ ಹೋಗಲೆಂದು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಸ್ಟಿರಾಯ್ಡ್ ಕ್ರೀಮು ಉಜ್ಜುವವರೂ ಇದ್ದಾರೆ. ಇಂಥ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿತು. ಚರ್ಮ ತೆಳುವಾಗುವುದು, ಮೊಡವೆ ಏಳುವುದು ಇವುಗಳ ದುರುಪಯೋಗದ ಫಲ.

ಇದರಲ್ಲಿ ಬಹುಪಾಲು ಒಳ್ಳೆಯ ಕ್ಷೌರಿಕನಿಗೆ ಗೊತ್ತಿರುವುದೇ. ನೀರು ಹಾಕಿ ಕೆನ್ನೆ ತಿಕ್ಕುವುದು, ಹೊತ್ತು ತೆಗೆದುಕೊಂಡು ನೊರೆ ಏಳಿಸುವುದು, ಎರಡು ಬೆರಳಿನಲ್ಲಿ ನಮ್ಮ ತಲೆ ತಿರುಗಿಸಿ ಕತ್ತಿನ ಸುಳಿಗೆ ತಕ್ಕಂತೆ ಕತ್ತಿಯ ದಿಕ್ಕು ಬದಲಿಸುವುದು, ಇವು ಅವರಿಗೆ ಅಭ್ಯಾಸ. ಇವನ್ನೇ ಇಂಗ್ಲಿಷ್ ವಿಡಿಯೋದಲ್ಲಿ ‘ವೆಟ್ ಶೇವಿಂಗ್’ ಎಂಬ ಕಲೆಯೆಂದು ನೋಡಿ ಬೆರಗಾಗುತ್ತೇವೆ, ಬ್ರಷ್ಷಿಗೂ ಬಟ್ಟಲಿಗೂ ಸಾವಿರಗಟ್ಟಲೆ ಸುರಿಯುತ್ತೇವೆ. ಇಲ್ಲಿ ಮಾತ್ರ ಕ್ಷೌರ ಮೈಲಿಗೆ. ಸ್ನಾನ ಮಾಡದೆ ಒಳಗೆ ಬರಬೇಡ ಎನ್ನುವ ಮನೆಗಳು ಇನ್ನೂ ಇವೆ. ಕಸುಬಿನ ಹೆಸರನ್ನೇ ಬೈಗುಳ ಮಾಡಿಕೊಂಡಿದ್ದೇವೆ. ಅದನ್ನು ನಿಲ್ಲಿಸಿ ಎಂದು ಸವಿತಾ ಸಮಾಜದವರು ಕೇಳುತ್ತಲೇ ಬಂದಿದ್ದಾರೆ. ಮುಟ್ಟಿದರೆ ಮೈಲಿಗೆಯಾಗುವ ಕೈಯಿಂದ ಕಲಿಯುವುದು ಏನಿದೆ ಎಂಬ ಧಿಮಾಕು ನಮ್ಮದು. ನಾನು ಪಿಎಚ್‌ಡಿ ಮಾಡುತ್ತಿರುವ ವಿಶ್ವವಿದ್ಯಾಲಯದ ಲೋಕವೂ ಅಡಿಟಿಪ್ಪಣಿ ಇಲ್ಲದ್ದನ್ನು ಜ್ಞಾನವೆಂದು ಸುಲಭಕ್ಕೆ ಒಪ್ಪುವುದಿಲ್ಲ.

ಕ್ಷೌರದಂಗಡಿಯಲ್ಲೂ ಕತ್ತು ಉರಿಯುವುದಿಲ್ಲವೇ ಎಂದು ಕೇಳಬಹುದು. ಉರಿಯುತ್ತದೆ. ‘ಇನ್ನೊಂದು ಸಲ ಉಲ್ಟಾ ಎಳೀರಿ’ ಎಂದು ನಾವೇ ಹೇಳುತ್ತೇವಲ್ಲ! ಗಿರಾಕಿಗೆ ಎದುರಾಡಿದರೆ ಅವರಿಗೆ ಹೊಟ್ಟೆಪಾಡು ನಡೆಯುವುದಿಲ್ಲ. ಬ್ಲೇಡು ಬದಲಿಸದ ಅಂಗಡಿಗಳೂ ಇರಬಹುದು; ಹೊಸ ಬ್ಲೇಡು ಹಾಕಿ ಎಂದು ಕೇಳುವುದು ನಮ್ಮ ಹಕ್ಕು. ಕುಲಕಸುಬನ್ನು ಹೊಗಳಿ ಅದೇ ಕುರ್ಚಿಯ ಹಿಂದೆ ಅವರ ಮಕ್ಕಳನ್ನೂ ನಿಲ್ಲಿಸಬೇಕು ಎಂದು ನಾನು ಹೇಳುತ್ತಿಲ್ಲ. ದಲಿತರಿಗೆ ಕ್ಷೌರ ನಿರಾಕರಿಸಿದ ಸುದ್ದಿ ಇಂದಿಗೂ ಓದುತ್ತೇವೆ, ಆ ಅನ್ಯಾಯಕ್ಕೆ ಯಾವ ಕೈಚಳಕವೂ ಸಮಜಾಯಿಷಿಯಲ್ಲ. ನಾನು ಕೇಳುತ್ತಿರುವುದು, ಜಾತಿ ಯಾರದೇ ಇರಲಿ, ಕೈಯ ತಿಳಿವಳಿಕೆಗೆ ಬೆಲೆ ಕಟ್ಟಿ ಎಂದು.

ಕೊನೆಗೆ, ಈ ‘ಕ್ಲೀನ್ ಶೇವ್’ ಎಂಬ ಹಟ. ಸಂದರ್ಶನಕ್ಕೆ, ಹೋಟೆಲಿನ ಕೆಲಸಕ್ಕೆ, ಸೆಕ್ಯೂರಿಟಿ ಗಾರ್ಡಿನ ಡ್ಯೂಟಿಗೆ ದಿನಾ ಬೆಳಗ್ಗೆ ನುಣ್ಣಗೆ ಬಂದು ನಿಲ್ಲಬೇಕು. ಗುಳ್ಳೆಯೆದ್ದ ಕತ್ತಿನ ಮೇಲೆ ಮತ್ತೆ ಬ್ಲೇಡು ಎಳೆಯುವಂತೆ ಮಾಡುವುದು ಈ ನಿಯಮವೇ. ಕತ್ತಿಗೆ ಎಂಟು ದಿನ ಬಿಡುವು ಕೊಟ್ಟರೆ ಯಾವ ಕಚೇರಿಯ ಮರ್ಯಾದೆಯೂ ಹೋಗುವುದಿಲ್ಲ. ಕೆಲಸ ಕೊಡುವವರು ಇದನ್ನು ಬರೆದಿಟ್ಟ ನಿಯಮವಾಗಿಯೇ ಒಪ್ಪಿಕೊಳ್ಳಲಿ. ಉಳಿದ ನಾವು ಮುಂದಿನ ಸಲ ಆ ಕುರ್ಚಿಯಲ್ಲಿ ಕೂತಾಗ ಫೋನು ಕೆಳಗಿಟ್ಟು, ‘ಅಣ್ಣಾ, ನನ್ನ ಕತ್ತಿನ ಕೂದಲು ಯಾವ ಕಡೆಗಿದೆ?’ ಎಂದು ಕೇಳೋಣ, ಹೇಳಿದ್ದನ್ನು ನೆನಪಿಟ್ಟುಕೊಳ್ಳೋಣ. ಏಳುವಾಗ ಚೌಕಾಸಿ ಮಾಡದೆ ದುಡ್ಡು ಕೊಡೋಣ.