ಶಸ್ತ್ರಚಿಕಿತ್ಸೆ ಸಣ್ಣದಿರಬಹುದು, ಅರಿವಳಿಕೆ ಸಣ್ಣದಲ್ಲ

ನಮ್ಮ ಮಕ್ಕಳು ಆಟದ ಮೈದಾನಕ್ಕೆ ಇಳಿಯುತ್ತಿರುವುದು ಸಂತೋಷದ ಸಂಗತಿ. ಕಬಡ್ಡಿ, ಖೋ-ಖೋ, ವಾಲಿಬಾಲ್, ಫುಟ್‌ಬಾಲ್, ಗರಡಿಮನೆಯ ಕುಸ್ತಿ ಇವುಗಳಲ್ಲಿ ಹಳ್ಳಿಯ ಹುಡುಗರಂತೆ ಹುಡುಗಿಯರೂ ಹೆಸರು ಮಾಡುತ್ತಿದ್ದಾರೆ. ಆಟವಿದ್ದಲ್ಲಿ ಪೆಟ್ಟೂ ಇದ್ದೇ ಇರುತ್ತದೆ. ಮೊಣಕಾಲಿನ ಲಿಗಮೆಂಟ್ ಹರಿಯುವುದು, ಭುಜದ ಕೀಲು ಜಾರುವುದು, ಮೂಗಿನ ಮೂಳೆ ಮುರಿಯುವುದು ಆಟಗಾರರಿಗೆ ಅಪರೂಪವಲ್ಲ. ಇಂಥ ಸಂದರ್ಭದಲ್ಲಿ ಆಸ್ಪತ್ರೆಯಲ್ಲಿಯೂ ಮನೆಯಲ್ಲಿಯೂ ಕೇಳಿಬರುವ ಮಾತು ಒಂದೇ: ‘ಅದೇನು ಮಹಾ, ಸಣ್ಣ ಆಪರೇಷನ್.’ ಧೈರ್ಯ ಹೇಳುವ ಸದುದ್ದೇಶದಿಂದ ಹುಟ್ಟಿದ ಮಾತಿದು. ಆದರೆ ಕೇಳಲೇಬೇಕಾದ ಪ್ರಶ್ನೆಗಳನ್ನು ಕೇಳದಂತೆ ನಮ್ಮ ಬಾಯಿ ಕಟ್ಟುವುದೂ ಇದೇ ಮಾತು. ಆದ್ದರಿಂದ ಈ ಸಂಚಿಕೆಯಲ್ಲಿ ಅದನ್ನೇ ಪರಿಶೀಲನೆಗೆ ಎತ್ತಿಕೊಂಡಿದ್ದೇವೆ.

2022ರ ನವೆಂಬರ್‌ನಲ್ಲಿ ನೆರೆಯ ಚೆನ್ನೈನಲ್ಲಿ ನಡೆದ ದುರಂತ ಹಲವರಿಗೆ ನೆನಪಿರಬಹುದು. 17 ವರ್ಷದ ಫುಟ್‌ಬಾಲ್ ಆಟಗಾರ್ತಿಯೊಬ್ಬಳು ಮೊಣಕಾಲಿನ ಲಿಗಮೆಂಟ್ ಹರಿದುದಕ್ಕಾಗಿ ಆಸ್ಪತ್ರೆ ಸೇರಿದಳು. ಸಣ್ಣ ರಂಧ್ರದಿಂದ ಕ್ಯಾಮೆರಾ ತೂರಿಸಿ ಮಾಡುವ, ದಿನನಿತ್ಯ ಎಷ್ಟೋ ಕಡೆ ನಡೆಯುವ ಶಸ್ತ್ರಚಿಕಿತ್ಸೆ ಅದು. ರಕ್ತಸ್ರಾವ ತಡೆಯಲು ಕಾಲಿಗೆ ಬಿಗಿದ ಪಟ್ಟಿಯನ್ನು ಸಕಾಲದಲ್ಲಿ ಸಡಿಲಿಸದೆ ರಕ್ತಸಂಚಾರ ನಿಂತುಹೋಯಿತು. ಕಾಲನ್ನು ಕತ್ತರಿಸಿ ತೆಗೆಯಬೇಕಾಯಿತು. ಮೂತ್ರಪಿಂಡ ಮೊದಲಾದ ಅಂಗಗಳು ಸೋತು ಕೆಲವೇ ದಿನಗಳಲ್ಲಿ ಆ ಬಾಲೆ ತೀರಿಕೊಂಡಳು. ಅಲ್ಲಿನ ಸರ್ಕಾರ ಇಬ್ಬರು ವೈದ್ಯರನ್ನು ಅಮಾನತುಗೊಳಿಸಿತು. ಇಲ್ಲಿ ನಾವು ಗಮನಿಸಬೇಕಾದುದು ಇಷ್ಟು: ಅವಳ ಜೀವ ಹೋದದ್ದು ಶಸ್ತ್ರದಿಂದಲ್ಲ, ಶಸ್ತ್ರಚಿಕಿತ್ಸೆಯ ನಂತರದ ಗಂಟೆಗಳಲ್ಲಿ ಎಚ್ಚರ ತಪ್ಪಿದ್ದರಿಂದ.

ಯಾರನ್ನೂ ಹೆದರಿಸುವುದು ನಮ್ಮ ಉದ್ದೇಶವಲ್ಲ. 1848ರಲ್ಲಿ ಇಂಗ್ಲೆಂಡಿನಲ್ಲಿ ಹನ್ನಾ ಗ್ರೀನರ್ ಎಂಬ 15 ವರ್ಷದ ಆರೋಗ್ಯವಂತ ಬಾಲಕಿ ಕೇವಲ ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಹೋಗಿ ಕ್ಲೋರೊಫಾರ್ಮ್‌ನಿಂದ ಮೃತಳಾದಳು. ಅರಿವಳಿಕೆಯಿಂದಾದ ಮೊದಲ ದಾಖಲಿತ ಸಾವುಗಳಲ್ಲಿ ಅದು ಒಂದು. ಅಂದಿನಿಂದ ಇಂದಿಗೆ ವೈದ್ಯಶಾಸ್ತ್ರ ಬಹುದೂರ ಸಾಗಿ ಬಂದಿದೆ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಯಂತ್ರವೂ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಯಂತ್ರವೂ ಬಂದ ಮೇಲೆ, ಸುಸಜ್ಜಿತ ಆಸ್ಪತ್ರೆಯಲ್ಲಿ ಆರೋಗ್ಯವಂತರು ಕೇವಲ ಅರಿವಳಿಕೆಯಿಂದ ಸಾಯುವುದು ಅತ್ಯಂತ ವಿರಳ. ಲಕ್ಷಕ್ಕೆ ಒಬ್ಬರು ಎಂದು ಸ್ಥೂಲವಾಗಿ ಹೇಳುವುದುಂಟು. ಆದರೆ ಈ ಸುರಕ್ಷತೆ ತಾನಾಗಿ ಬಂದುದಲ್ಲ. ಅನೇಕರು ಎಚ್ಚರವಿದ್ದು ಅದನ್ನು ಪ್ರತಿ ಸಲವೂ ಹೊಸದಾಗಿ ಗಳಿಸಬೇಕು. ಆ ಎಚ್ಚರದಲ್ಲಿ ಮನೆಯವರ ಪಾಲೂ ಇದೆ.

ಕನ್ನಡದ ‘ಅರಿವಳಿಕೆ’ ಎಂಬ ಪದವನ್ನು ಸ್ವಲ್ಪ ನಿಂತು ನೋಡಬೇಕು. ಅರಿವು ಅಳಿಯುವ ಸ್ಥಿತಿ ಅದು. ಶರಣ ಪರಂಪರೆಯಲ್ಲಿ ಅರಿವಿಗೆ ಗುರುವಿನ ಸ್ಥಾನ. ಪೂರ್ಣ ಅರಿವಳಿಕೆಯಲ್ಲಿ ರೋಗಿ ನೋವನ್ನಷ್ಟೇ ಮರೆಯುವುದಿಲ್ಲ. ಕೆಮ್ಮುವ, ನುಂಗುವ, ತಾನೇ ಉಸಿರಾಡುವ ಶಕ್ತಿಯೂ ಕುಂದುತ್ತದೆ ಅಥವಾ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಅವನ ಪರವಾಗಿ ಉಸಿರನ್ನು ಕಾಯುವವರು ಅರಿವಳಿಕೆ ತಜ್ಞರು. ಶಸ್ತ್ರವೈದ್ಯರ ಹೆಸರನ್ನು ನಾಲ್ಕು ಕಡೆ ವಿಚಾರಿಸುವ ನಾವು ಅರಿವಳಿಕೆ ತಜ್ಞರು ಯಾರೆಂದು ಕೇಳುವುದೇ ಇಲ್ಲ. ಈ ರೂಢಿ ಬದಲಾಗಬೇಕು.

ಗಟ್ಟಿ ಮೈಯ ಮರೆಯಲ್ಲಿ

‘ಹುಡುಗ ಪೈಲ್ವಾನ, ಅವನಿಗೇನಾಗುತ್ತದೆ?’ ಎಂಬುದು ನಮ್ಮ ಎರಡನೆಯ ತಪ್ಪು ನಂಬಿಕೆ. ಗಟ್ಟಿಯಾದ ದೇಹ ಚೇತರಿಕೆಗೆ ಸಹಾಯಕ, ನಿಜ. ಆದರೆ ಕೆಲವು ಅಪಾಯಗಳು ಗಟ್ಟಿಯಾದ ದೇಹದಲ್ಲಿಯೇ ಅಡಗಿರುತ್ತವೆ.

1960ರಲ್ಲಿ ಆಸ್ಟ್ರೇಲಿಯಾದ ಮೆಲ್ಬೋರ್ನ್‌ನ ವೈದ್ಯರಾದ ಡೆನ್‌ಬರೋ ಮತ್ತು ಲೊವೆಲ್ ಒಂದು ಪ್ರಕರಣವನ್ನು ಪ್ರಕಟಿಸಿದರು. ಕಾಲು ಮುರಿದುಕೊಂಡಿದ್ದ 21 ವರ್ಷದ ತರುಣನಿಗೆ ಮುರಿದ ಕಾಲಿಗಿಂತ ಅರಿವಳಿಕೆಯದೇ ಭಯ. ಅವನ ಬಂಧುಗಳಲ್ಲಿ 10 ಮಂದಿ ಅರಿವಳಿಕೆಯ ಸಮಯದಲ್ಲಿ ತೀರಿಕೊಂಡಿದ್ದರು. ಅವನಿಗೂ ಅದೇ ಗಂಡಾಂತರ ಎದುರಾಯಿತು, ಆದರೆ ಬದುಕಿಕೊಂಡ. ಇಂದು ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ ಎಂದು ಕರೆಯುವ ಈ ಆನುವಂಶಿಕ ದೋಷ ದಿನನಿತ್ಯದ ಬಾಳಿನಲ್ಲಿ ಸಾಮಾನ್ಯವಾಗಿ ತಲೆದೋರುವುದಿಲ್ಲ. ಕೆಲವು ಅರಿವಳಿಕೆ ಅನಿಲಗಳು, ಸಕ್ಸಿನೈಲ್‌ಕೋಲಿನ್ ಎಂಬ ಔಷಧ ತಗುಲಿದಾಗ ಮಾತ್ರ ಸ್ನಾಯುಗಳು ಬಿಗಿದು, ಮೈ ಕಾದು, ಹೃದಯದ ಲಯ ಕೆಡುತ್ತದೆ. ಹಿಂದೆ ಇದಕ್ಕೆ ತುತ್ತಾದವರಲ್ಲಿ ಹೆಚ್ಚಿನವರು ಬದುಕುತ್ತಿರಲಿಲ್ಲ. ಡ್ಯಾಂಟ್ರೊಲಿನ್ ಎಂಬ ಔಷಧವನ್ನು ತಕ್ಷಣ ಕೊಟ್ಟರೆ ಬಹುತೇಕರು ಉಳಿಯುತ್ತಾರೆ. ಆದರೆ ಅದು ಎಲ್ಲ ಆಸ್ಪತ್ರೆಗಳಲ್ಲಿ ಸಿದ್ಧವಿರುವುದಿಲ್ಲ. ದೋಷವಿದೆಯೆಂದು ಮೊದಲೇ ತಿಳಿದರೆ ಬೇರೆ ಔಷಧಗಳಿಂದ ಸುರಕ್ಷಿತವಾಗಿ ಅರಿವಳಿಕೆ ನೀಡಬಹುದು. ಆದ್ದರಿಂದ ಮನೆತನದಲ್ಲಿ ಯಾರಾದರೂ ಆಪರೇಷನ್ ಕೋಣೆಯಲ್ಲಿ ಅಕಸ್ಮಾತ್ ತೀರಿಕೊಂಡಿದ್ದರೆ, ವಿಪರೀತ ಜ್ವರ ಬಂದಿದ್ದರೆ, ಬಹಳ ಹೊತ್ತು ಎಚ್ಚರವಾಗದೆ ಅಥವಾ ಉಸಿರು ಮರಳದೆ ಇದ್ದಿದ್ದರೆ ಅದನ್ನು ಅರಿವಳಿಕೆ ತಜ್ಞರಿಗೆ ಹೇಳಲೇಬೇಕು. ಅಜ್ಜಿಯ ನೆನಪಿನಲ್ಲಿ ಮಾತ್ರ ಉಳಿದಿರುವ ಸಂಗತಿ ಮೊಮ್ಮಗನ ಜೀವ ಉಳಿಸಬಲ್ಲದು.

ಅರಿವಳಿಕೆಯಿಂದ ಏಳುವ ಹೊತ್ತಿನದು ಇನ್ನೊಂದು ಅಪಾಯ. ಗಂಟಲಿನ ಧ್ವನಿಪೆಟ್ಟಿಗೆ ಒಮ್ಮೆಲೇ ಬಿಗಿದು ಮುಚ್ಚಿಕೊಂಡರೆ, ಅಥವಾ ಉಸಿರಿನ ಕೊಳವೆಯನ್ನು ರೋಗಿ ಹಲ್ಲಿನಿಂದ ಕಚ್ಚಿ ಹಿಡಿದರೆ, ಎದೆಯ ಸ್ನಾಯುಗಳು ಬಲವಾಗಿರುವ ತರುಣ ತನ್ನೆಲ್ಲ ಶಕ್ತಿಯಿಂದ ಗಾಳಿ ಎಳೆಯುತ್ತಾನೆ. ಆ ಎಳೆತದ ರಭಸಕ್ಕೆ ಶ್ವಾಸಕೋಶದೊಳಗೆ ನೀರು ತುಂಬಬಹುದು. ಆರೋಗ್ಯವಂತ ಕ್ರೀಡಾಪಟುಗಳಲ್ಲಿ ಇದು ವಿಶೇಷವಾಗಿ ಕಂಡುಬರುತ್ತದೆ. ನೆಗಡಿ, ಕೆಮ್ಮು, ಧೂಮಪಾನಗಳು ಗಂಟಲು ಬಿಗಿಯುವ ಸಂಭವವನ್ನು ಹೆಚ್ಚಿಸುತ್ತವೆ. ನೆಗಡಿಯಿದ್ದರೆ ಮರೆಮಾಚದೆ ಹೇಳಿ; ತುರ್ತಿಲ್ಲದ ಶಸ್ತ್ರಚಿಕಿತ್ಸೆಯನ್ನು ಕೆಲವು ವಾರ ಮುಂದೂಡುವುದರಿಂದ ನಷ್ಟವೇನೂ ಇಲ್ಲ.

ಆಡುವಾಗ ಕಣ್ಣು ಕತ್ತಲೆಗಟ್ಟಿ ಬಿದ್ದಿದ್ದರೆ, ಎದೆನೋವು ಬಂದಿದ್ದರೆ, ವಂಶದಲ್ಲಿ ಚಿಕ್ಕ ವಯಸ್ಸಿನವರು ಹಠಾತ್ತನೆ ತೀರಿಕೊಂಡಿದ್ದರೆ ಹೃದಯದ ಪರೀಕ್ಷೆ ಮೊದಲು ಆಗಲಿ. ನಿತ್ಯ ಅಭ್ಯಾಸ ಮಾಡುವವರ ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿರುವುದು ಸಹಜವಿರಬಹುದು. ಆದರೆ ಅದು ಅಭ್ಯಾಸದ ಫಲವೋ ರೋಗದ ಲಕ್ಷಣವೋ ಎಂಬುದನ್ನು ತಜ್ಞರು ನಿರ್ಣಯಿಸಬೇಕು.

ಮುಚ್ಚಿಡಬಾರದ ಸಂಗತಿಗಳು

ಜಿಮ್‌ಗಳಲ್ಲಿ ಕೊಡುವ ಪುಡಿಗಳು, ಎನರ್ಜಿ ಪಾನೀಯಗಳು, ಮೈ ಬೆಳೆಸುವ ಸ್ಟಿರಾಯ್ಡ್ ಚುಚ್ಚುಮದ್ದುಗಳು ಇಂದು ಗರಡಿಮನೆಯ ಬಾಗಿಲಿಗೂ ಬಂದಿವೆ. ಇವುಗಳಲ್ಲಿ ಕೆಲವು ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ಏರುಪೇರು ಮಾಡಬಲ್ಲವು. ತಂದೆತಾಯಿಯ ಎದುರು ಹುಡುಗ ಬಾಯಿ ಬಿಡಲಾರ. ಆದ್ದರಿಂದ ಅರಿವಳಿಕೆ ತಜ್ಞರೊಡನೆ ಅವನು ಏಕಾಂತದಲ್ಲಿ ಮಾತಾಡಲು ನಾವೇ ಅವಕಾಶ ಮಾಡಿಕೊಡಬೇಕು. ಆಗ ತಿಳಿದದ್ದಕ್ಕೆ ಆಮೇಲೆ ಗದರಿಸಲೂಬಾರದು.

ಪಂದ್ಯಕ್ಕಾಗಿಯೋ ಜಾತ್ರೆ, ವ್ರತಗಳಿಗಾಗಿಯೋ ಮುಟ್ಟನ್ನು ಮುಂದೂಡುವ ಮಾತ್ರೆಗಳನ್ನು ಹೆಣ್ಣುಮಕ್ಕಳು ತೆಗೆದುಕೊಳ್ಳುವುದುಂಟು. ಇಂಥ ಹಾರ್ಮೋನ್ ಮಾತ್ರೆಗಳು ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವನ್ನು ಹೆಚ್ಚಿಸಬಲ್ಲವು. ಕಾಲಿನ ಶಸ್ತ್ರಚಿಕಿತ್ಸೆಯಾಗಿ ಹಾಸಿಗೆ ಹಿಡಿದಾಗ ಆ ಅಪಾಯ ಇನ್ನೂ ಹೆಚ್ಚು. ಪಂಚಸೂತಕಗಳನ್ನು ನಿರಾಕರಿಸಿದ ಶರಣರ ಮಾರ್ಗದಲ್ಲಿರುವ ನಾವು, ಮುಟ್ಟನ್ನು ಮೈಲಿಗೆಯೆಂದು ಬಗೆದು ಮಕ್ಕಳಿಗೆ ಮಾತ್ರೆ ನುಂಗಿಸುವುದು ಸಲ್ಲದು. ತೆಗೆದುಕೊಂಡಿದ್ದರೆ ವೈದ್ಯರಿಗೆ ತಿಳಿಸಲು ಸಂಕೋಚ ಬೇಡ.

ಭಕ್ತರ ಮನೆಗಳಲ್ಲಿ ಪ್ರೀತಿಯಿಂದಲೇ ಆಗುವ ಒಂದು ಅಚಾತುರ್ಯವನ್ನು ಹೇಳಲೇಬೇಕು. ಶಸ್ತ್ರಚಿಕಿತ್ಸೆಯ ಬೆಳಗ್ಗೆ ‘ಒಂದು ತುತ್ತು ಪ್ರಸಾದ ತಾನೆ’ ಎಂದು ಹಿರಿಯರು ಮಗುವಿನ ಬಾಯಿಗೆ ಇಡುತ್ತಾರೆ. ಲಘು ಆಹಾರವಾದರೂ ಕನಿಷ್ಠ 6 ಗಂಟೆ, ತಿಳಿನೀರಾದರೆ 2 ಗಂಟೆ ಮುಂಚೆ ನಿಲ್ಲಿಸಬೇಕೆಂಬುದು ಸಾಮಾನ್ಯ ನಿಯಮ. ಹೊಟ್ಟೆ ತುಂಬ ಉಂಡಿದ್ದರೆ ಇನ್ನೂ ಹೆಚ್ಚು ಹೊತ್ತು ಬೇಕು. ಅರಿವು ತಪ್ಪಿದಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ. ಪ್ರಸಾದವನ್ನು ಎತ್ತಿಟ್ಟು, ವೈದ್ಯರು ಒಪ್ಪಿದ ಮೇಲೆ ಕೊಟ್ಟರೆ ಅದರ ಮಹಿಮೆ ಕಡಿಮೆಯಾಗುವುದಿಲ್ಲ.

ಇಷ್ಟಲಿಂಗದ ವಿಷಯವನ್ನೂ ಮೊದಲೇ ಮಾತಾಡಿಕೊಳ್ಳುವುದು ಲೇಸು. ವಿದ್ಯುತ್ ಉಪಕರಣದಿಂದ ರಕ್ತನಾಳ ಸುಡುವಾಗ ಮೈಮೇಲಿನ ಲೋಹ ಸುಟ್ಟಗಾಯಕ್ಕೆ ಕಾರಣವಾಗಬಹುದೆಂದು ಆಸ್ಪತ್ರೆಗಳಲ್ಲಿ ಒಡವೆ, ಕರಡಿಗೆಗಳನ್ನು ತೆಗೆಸುತ್ತಾರೆ. ಕೊನೆಯ ಗಳಿಗೆಯಲ್ಲಿ ಯಾರೋ ಬಿಚ್ಚಿ ಎಲ್ಲೋ ಇಟ್ಟು ಮನಸ್ಸು ಕಲಕುವುದಕ್ಕಿಂತ, ವೈದ್ಯರನ್ನೂ ದೀಕ್ಷಾಗುರುಗಳನ್ನೂ ಮೊದಲೇ ವಿಚಾರಿಸಿ ಮನೆಯವರ ಕೈಗೆ ಶ್ರದ್ಧೆಯಿಂದ ಒಪ್ಪಿಸುವುದು ಉಚಿತ.

ಶಸ್ತ್ರಚಿಕಿತ್ಸೆಯ ನಂತರ

ಚೆನ್ನೈನ ದುರಂತದ ಪಾಠ ಇಲ್ಲಿದೆ. ಪಟ್ಟಿ ಬಿಗಿಯಾಗಿಯೋ ಒಳಗೆ ಬಾವು ಬಂದೋ ಕಾಲಿನ ಸ್ನಾಯುಗಳಿಗೆ ರಕ್ತ ಹರಿಯದಿದ್ದರೆ ಕೆಲವೇ ಗಂಟೆಗಳಲ್ಲಿ ಅವು ಸಾಯತೊಡಗುತ್ತವೆ. ಸತ್ತ ಸ್ನಾಯುವಿನಿಂದ ಹೊರಟ ವಸ್ತುಗಳು ಮೂತ್ರಪಿಂಡವನ್ನು ಕೆಡಿಸುತ್ತವೆ. ಔಷಧ ಕೊಟ್ಟರೂ ತಗ್ಗದೆ ಏರುವ ನೋವು, ಬೆರಳನ್ನು ಮೆಲ್ಲನೆ ಮೇಲೆತ್ತಿದರೆ ತಡೆಯಲಾರದ ಯಾತನೆ, ಜುಮುಗುಡುವಿಕೆ, ಬೆರಳು ತಣ್ಣಗಾಗುವುದು, ಬಣ್ಣ ಮಾಸುವುದು ಇದರ ಲಕ್ಷಣಗಳು. ಬೆನ್ನಿಗೋ ಕಾಲಿನ ನರಕ್ಕೋ ಮರಗಟ್ಟುವ ಮದ್ದು ಕೊಟ್ಟಿದ್ದರೆ ನೋವೇ ತಿಳಿಯದಿರಬಹುದು. ಆಗ ಕಣ್ಣಿನಿಂದಲೂ ಕೈಯಿಂದಲೂ ಬೆರಳುಗಳನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು. ‘ಆಟಗಾರನಾಗಿ ಇಷ್ಟು ನೋವು ತಡೆಯಲಾರೆಯಾ?’ ಎಂದು ಮಗುವಿನ ಬಾಯಿ ಮುಚ್ಚಿಸಬೇಡಿ. ರಾತ್ರಿಯಾದರೂ ದಾದಿಯರನ್ನು ಕರೆಯಿರಿ, ವೈದ್ಯರು ಬಂದು ನೋಡುವವರೆಗೆ ಬಿಡಬೇಡಿ. ಮನೆಗೆ ಬಂದ ಮೇಲೆ ಮೀನಖಂಡ ಊದಿ ನೋಯುವುದು, ಒಮ್ಮೆಲೇ ಏದುಸಿರು, ಎದೆನೋವು ಕಾಣಿಸಿದರೆ ಒಡನೆಯೇ ಆಸ್ಪತ್ರೆಗೆ ಧಾವಿಸಬೇಕು.

ಅವಸರವೇಕೆ?

ಎಲ್ಲ ಲಿಗಮೆಂಟ್ ಗಾಯಕ್ಕೂ ಕೂಡಲೇ ಶಸ್ತ್ರಚಿಕಿತ್ಸೆ ಬೇಕೆಂದಿಲ್ಲ. ಸ್ವೀಡನ್ನಿನಲ್ಲಿ 121 ಮಂದಿ ಚಟುವಟಿಕೆಯ ತರುಣರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲು ವ್ಯಾಯಾಮ ಚಿಕಿತ್ಸೆ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಎರಡು ವರ್ಷಗಳವರೆಗೂ ಆ ಶಸ್ತ್ರಚಿಕಿತ್ಸೆಯ ಅಗತ್ಯ ಬೀಳಲಿಲ್ಲ. ಮೊಣಕಾಲಿನ ಸ್ಥಿತಿಯಲ್ಲಿಯೂ ಎರಡು ಗುಂಪುಗಳಿಗೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ತಿರುಗಿ ಜಿಗಿಯುವ ಆಟಗಳಿಗೆ ಮರಳುವವರಿಗೆ ಶಸ್ತ್ರಚಿಕಿತ್ಸೆ ಹಲವು ಬಾರಿ ಅವಶ್ಯವೇ. ಆದರೂ ‘ಮುಂದಿನ ಪಂದ್ಯಾವಳಿಗೆ ಸಿದ್ಧನಾಗಬೇಕು’ ಎಂಬುದು ಅವಸರಕ್ಕೆ ಕಾರಣವಾಗಬಾರದು. ಆ ಶಸ್ತ್ರಚಿಕಿತ್ಸೆಯ ನಂತರವೂ ಮೈದಾನಕ್ಕೆ ಮರಳಲು ಕನಿಷ್ಠ 9 ತಿಂಗಳು ಬೇಕೆನ್ನುತ್ತಾರೆ ತಜ್ಞರು. ಕ್ರೀಡಾ ಮೀಸಲಾತಿ, ಪದಕ, ಊರಿನ ಹೆಸರು ಇವೆಲ್ಲ ಮಗುವಿನ ಜೀವಕ್ಕಿಂತ ದೊಡ್ಡವಲ್ಲ ಎಂಬುದನ್ನು ತರಬೇತುದಾರರೂ ಪಾಲಕರೂ ಗಟ್ಟಿಯಾಗಿ ಹೇಳಬೇಕು.

ವೈದ್ಯರನ್ನು ಪ್ರಶ್ನಿಸುವುದು ಅವಿನಯವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವೈದ್ಯಲೋಕ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವುದನ್ನು ಕಲಿತಿದೆ ಎಂಬುದನ್ನು ಬಲ್ಲವರಿಗೆ ಆ ಸಂಕೋಚ ಉಳಿಯದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಒಂದು ಪರಿಶೀಲನಾ ಪಟ್ಟಿಯನ್ನು ಹೊರತಂದಿತು. ಅರಿವಳಿಕೆಗೆ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿ ಹೊರಡುವ ಮೊದಲು ಎಲ್ಲರೂ ನಿಂತು ಕೇಳಿಕೊಳ್ಳಬೇಕಾದ ಸರಳ ಪ್ರಶ್ನೆಗಳವು. ದೆಹಲಿಯೂ ಸೇರಿ 8 ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿದಾಗ ಮರಣದ ಪ್ರಮಾಣ ಶೇ. 1.5ರಿಂದ ಶೇ. 0.8ಕ್ಕೆ ಇಳಿಯಿತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ; ಕೇಳಿ ಖಚಿತಪಡಿಸಿಕೊಂಡದ್ದಷ್ಟೇ.

ಆದ್ದರಿಂದ ಶಸ್ತ್ರಚಿಕಿತ್ಸೆಗೆ ಸಹಿ ಹಾಕುವ ಮುನ್ನ ಭಕ್ತಬಂಧುಗಳು ಐದು ಪ್ರಶ್ನೆಗಳನ್ನು ವಿನಯದಿಂದ ಕೇಳಲಿ. ಈ ಶಸ್ತ್ರಚಿಕಿತ್ಸೆ ಈಗಲೇ ಬೇಕೇ, ಬೇರೆ ಮಾರ್ಗವಿದೆಯೇ? ಅರಿವಳಿಕೆ ತಜ್ಞರು ಯಾರು, ಅವರು ಮುಂಚಿತವಾಗಿ ನೋಡುವರೇ? ಆಮ್ಲಜನಕ, ಉಸಿರು ಅಳೆಯುವ ಯಂತ್ರಗಳಿವೆಯೇ? ತೊಂದರೆಯಾದರೆ ತೀವ್ರ ನಿಗಾ ಘಟಕ ಇಲ್ಲಿಯೇ ಇದೆಯೇ, ಇಲ್ಲವಾದರೆ ಎಲ್ಲಿಗೆ ಸಾಗಿಸುವರು? ರಾತ್ರಿ ಕಾಲನ್ನು ಪರೀಕ್ಷಿಸುವವರು ಯಾರು? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಇನ್ನೊಬ್ಬರ ಅಭಿಪ್ರಾಯ ಪಡೆಯುವುದಕ್ಕೆ ಅದೇ ಸಾಕಷ್ಟು ಕಾರಣ.

ಕಾಯವಿಲ್ಲದೆ ಕಾಯಕವಿಲ್ಲ. ಆಡುವ ಮಕ್ಕಳ ಕಾಯವನ್ನು ಕಾಪಾಡುವ ಹೊಣೆಯನ್ನು ಸಂಪೂರ್ಣವಾಗಿ ಆಸ್ಪತ್ರೆಗೆ ಒಪ್ಪಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಮಗುವಿನ ಅರಿವು ಮರಳುವವರೆಗೆ, ಮರಳಿದ ಮೇಲೆಯೂ ಕೆಲವು ದಿನ, ನಮ್ಮ ಅರಿವು ಎಚ್ಚರವಾಗಿರಲಿ.