ಬೆಟ್ಟಕ್ಕೂ ಒಂದು ತುದಿ ಇದೆ

ಮೊನ್ನೆ ಭಾನುವಾರ ಕಹಳೆ ಬಂಡೆಯ ಉದ್ಯಾನದಲ್ಲಿ ಬೆಳಗಿನ ಸುತ್ತು ಮುಗಿಸಿ ಮನೆಗೆ ಮರಳಿದಾಗ ಹಳೆಯ ಶಿಷ್ಯನೊಬ್ಬ ಬಾಗಿಲಲ್ಲಿ ಕಾದು ನಿಂತಿದ್ದ. ಕಂಪ್ಯೂಟರ್ ಕೆಲಸದಲ್ಲಿ ಚೆನ್ನಾಗಿ ಸಂಪಾದಿಸಿ, ಈಗ ಗೆಳೆಯರೊಡನೆ ಗಿಡ ನೆಡುವ ತಂಡವೊಂದನ್ನು ಕಟ್ಟಿದ್ದಾನೆ. ಕಾಫಿ ಕುಡಿಯುತ್ತ ಲ್ಯಾಪ್‌ಟಾಪ್ ತೆರೆದು ಪಶ್ಚಿಮ ಘಟ್ಟದ ಬಣ್ಣದ ಭೂಪಟವೊಂದನ್ನು ತೋರಿಸಿದ.

“ಸಾರ್, 2070ರ ಹೊತ್ತಿಗೆ ಈ ಹಸಿರು ಬಣ್ಣದ ಜಾಗವೆಲ್ಲ ಮರಗಳಿಗೆ ಅನುಕೂಲವಾಗುತ್ತಂತೆ. ಬೆಟ್ಟದ ನೆತ್ತಿಯಲ್ಲಿ ಈಗ ಬರೀ ಹುಲ್ಲಿದೆ. ನಾವು ಈಗಲೇ ಸಸಿ ನೆಟ್ಟರೆ ಮುಂದಿನವರಿಗೆ ಕಾಡು ಸಿಗುತ್ತೆ, ಅಲ್ವಾ?”

ನಾನು ಉತ್ತರಿಸಲು ತಡವರಿಸಿದೆ. ‘ಬರೀ ಹುಲ್ಲು’ ಎಂಬ ಆ ಮಾತನ್ನು ಅವನಿಗಿಂತ ಮೊದಲು ಆಡಿದವನು ನಾನೇ.

1988ರಲ್ಲಿ, ನಾನಿನ್ನೂ ಹೊಸ ಮೇಷ್ಟ್ರಾಗಿದ್ದಾಗ, ಒಂಬತ್ತನೆಯ ತರಗತಿಯ ಮಕ್ಕಳನ್ನು ಬಾಬಾಬುಡನ್‌ಗಿರಿಗೆ ಪ್ರವಾಸ ಕರೆದೊಯ್ದಿದ್ದೆ. “ಸಾರ್, ಕಣಿವೆಯಲ್ಲಿ ಅಷ್ಟು ದಟ್ಟ ಕಾಡಿದೆ, ಮೇಲೆ ಯಾಕೆ ಬೋಳು?” ಎಂದು ಒಬ್ಬ ಹುಡುಗಿ ಕೇಳಿದಳು. “ಜನ ಕಡಿದುಬಿಟ್ಟಿದ್ದಾರಮ್ಮ, ನಾವು ಮತ್ತೆ ನೆಡಬೇಕು” ಎಂದೆ. ಮಕ್ಕಳು ಅದನ್ನೇ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು. ಬಿ.ಎಡ್. ತರಬೇತಿಯಲ್ಲಿ ಪಾಠ ಹೇಳುವ ಕ್ರಮವನ್ನು ಕಲಿತಿದ್ದೆ. ‘ಗೊತ್ತಿಲ್ಲ’ ಎನ್ನುವುದನ್ನು ಕಲಿತಿರಲಿಲ್ಲ.

ಆ ಉತ್ತರ ತಪ್ಪೆಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಮಲ್ಲೇಶ್ವರದಾಚೆ ನಾವೆಲ್ಲ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದು ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು, ನಮ್ಮ ಗಡಿಯಾಚೆಯ ನೀಲಗಿರಿಯ ಜೌಗು ಮಣ್ಣನ್ನು ಪರೀಕ್ಷಿಸಿ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮರಗಳೂ ಉಷ್ಣವಲಯದ ಹುಲ್ಲುಗಳೂ ಗಾಳಿಯ ಇಂಗಾಲವನ್ನು ಹೀರುವ ರೀತಿ ಬೇರೆ ಬೇರೆ. ಆದ್ದರಿಂದ ಮಣ್ಣಿನ ಪದರದಲ್ಲಿರುವ ಇಂಗಾಲ-13ರ ಪ್ರಮಾಣದಿಂದ, ಆ ಕಾಲದಲ್ಲಿ ಅಲ್ಲಿ ಹೆಚ್ಚಾಗಿದ್ದದ್ದು ಕಾಡೋ ಹುಲ್ಲೋ ಎಂದು ಊಹಿಸಬಹುದು. ಸುಮಾರು 20,000 ವರ್ಷಗಳ ಆ ಲೆಕ್ಕದಲ್ಲಿ ಶುಷ್ಕ ಕಾಲಗಳಲ್ಲಿ ಹುಲ್ಲು ಹರಡಿದೆ, ಮಳೆ ಹೆಚ್ಚಿದಾಗ ಮರ ಹರಡಿದೆ. ಮನುಷ್ಯನ ಕೊಡಲಿಗಿಂತ ಬಹಳ ಮೊದಲೇ ಹುಲ್ಲು ಅಲ್ಲಿತ್ತು. ಕಣಿವೆಯ ಶೋಲಾ ಕಾಡು ಮತ್ತು ನೆತ್ತಿಯ ಹುಲ್ಲುಗಾವಲು ಒಂದೇ ಮನೆಯ ಎರಡು ಕೋಣೆಗಳು.

ಇನ್ನು ಶಿಷ್ಯನ ಭೂಪಟದ ವಿಷಯ. ಇಂಥ ಮಾದರಿಗಳು ಕೆಲಸ ಮಾಡುವ ಬಗೆ ಬಹಳ ಜಟಿಲವೇನಲ್ಲ. ಒಂದು ಮರ ಈಗ ಎಲ್ಲೆಲ್ಲಿದೆ, ಅಲ್ಲಿನ ಉಷ್ಣತೆ ಎಷ್ಟು, ಮಳೆ ಎಷ್ಟು, ಒಣ ತಿಂಗಳುಗಳು ಎಷ್ಟು ಎಂದು ಗುರುತಿಸುತ್ತಾರೆ. ಅಂಥದೇ ಹವೆ ಮುಂದೆ ಎಲ್ಲಿ ಇರಬಹುದೆಂದು ಕಂಪ್ಯೂಟರ್ ಹುಡುಕುತ್ತದೆ. ಎಲೆಯ ಉಸಿರಾಟ, ಬೇರಿನ ನೀರು ಎಲ್ಲವನ್ನೂ ಲೆಕ್ಕಕ್ಕೆ ತರುವ ಇನ್ನೊಂದು ಬಗೆಯೂ ಉಂಟು. ಅದೇ ಸಂಸ್ಥೆಯ ಎನ್.ಎಚ್. ರವೀಂದ್ರನಾಥ್ ಮತ್ತು ಸಂಗಡಿಗರು 2006ರಲ್ಲಿ ಅಂಥ ಮಾದರಿಯೊಂದನ್ನು ಬಳಸಿ, ಈ ಶತಮಾನದ ಕೊನೆಗೆ ಭಾರತದ ಅರಣ್ಯ ಚೌಕಗಳಲ್ಲಿ ಶೇ. 77ರಷ್ಟು ತಮ್ಮ ಕಾಡಿನ ಬಗೆಯನ್ನೇ ಬದಲಿಸಬಹುದು ಎಂದರು. ಹೊಗೆ ಕಡಿಮೆಯಾದರೆ ಶೇ. 68. ಎರಡು ಸಂಖ್ಯೆಗಳೇಕೆಂದರೆ ಮಾದರಿ ಪಂಚಾಂಗವಲ್ಲ. ‘ಹೀಗಾದರೆ ಹಾಗೆ’ ಎಂದಷ್ಟೇ ಅದು ಹೇಳುತ್ತದೆ.

ಆ ಲೆಕ್ಕಕ್ಕೆ ಒದಗಿದ ಹವಾಮಾನದ ಅಂಕಿಗಳು ಸುಮಾರು 50 ಕಿ.ಮೀ. ಉದ್ದಗಲದ ಚೌಕಗಳವು. ಅಂಥದೊಂದು ಚೌಕದೊಳಗೆ ಚಿಕ್ಕಮಗಳೂರು ಪೇಟೆಯೂ ಮುಳ್ಳಯ್ಯನಗಿರಿಯ ತುದಿಯೂ ಕೂಡಿ ಹಿಡಿಸುತ್ತವೆ. ದೇಶದ ಚಿತ್ರಕ್ಕೆ ಅದು ಸಾಕು. ಒಂದು ಬೆಟ್ಟದ ನೆತ್ತಿಯಲ್ಲಿ ಗುಂಡಿ ತೋಡುವುದಕ್ಕೆ ಸಾಲದು. ಮೇಲಾಗಿ ‘ಹವೆ ಅನುಕೂಲ’ ಎಂದರೆ ಮರ ಅಲ್ಲಿ ಬೆಳೆಯುತ್ತದೆ ಎಂದಲ್ಲ, ಬೆಳೆಯಬೇಕು ಎಂದಂತೂ ಅಲ್ಲ. ಮಣ್ಣಿನ ಆಳ, ಗಾಳಿ, ಬೆಂಕಿ, ಬೀಜ ಒಯ್ಯುವ ಹಕ್ಕಿ, ಇವುಗಳನ್ನು ಬೆಟ್ಟಕ್ಕೆ ಹೋಗಿಯೇ ನೋಡಬೇಕು.

ಶಿಷ್ಯನಿಗೆ ಕಾಗದದ ಮೇಲೆ ಒಂದು ಸಣ್ಣ ಲೆಕ್ಕ ಬರೆದು ತೋರಿಸಿದೆ. 1000 ಮೀಟರ್ ಏರಿದರೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಭೂಮಿ 2 ಡಿಗ್ರಿ ಬಿಸಿಯಾದರೆ, ಹಳೆಯ ತಂಪನ್ನು ಹುಡುಕುವ ಮರ 300 ಮೀಟರಿಗೂ ಹೆಚ್ಚು ಮೇಲೆ ಹೋಗಬೇಕು. ಈಗ 1,700 ಮೀಟರಿನಲ್ಲಿರುವ ಮರಕ್ಕೆ 2,000 ಮೀಟರ್ ಬೇಕು. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಮುಗಿಯುವುದೇ 1,930ಕ್ಕೆ. ಉಳಿದ 70 ಮೀಟರನ್ನು ಎಲ್ಲಿಂದ ತರುವುದು? ಹಿಮಾಲಯದ ಮರಕ್ಕೆ ಏರಲು ಇನ್ನೂ ಬೆಟ್ಟವಿದೆ, ನಮ್ಮದಕ್ಕಿಲ್ಲ.

“ಅದಕ್ಕೇ ಅಲ್ವಾ ಸಾರ್ ಈಗಲೇ ನೆಡಬೇಕು ಅನ್ನೋದು? ಇಲ್ದಿದ್ರೆ ಕೈಕಟ್ಟಿ ಕೂತ್ಕೋಬೇಕಾ?” ಎಂದ. ನ್ಯಾಯವಾದ ಪ್ರಶ್ನೆ.

ನನ್ನ ಅಭಿಪ್ರಾಯ ಇಷ್ಟು. ಹಕ್ಕಿ ಒಯ್ದ ಬೀಜದಿಂದ ಅಂಗುಲ ಅಂಗುಲವಾಗಿ ಮೇಲೇರುವ ಶೋಲಾ ಮರ ಬೇರೆ, ನಾವು ಲಾರಿಯಲ್ಲಿ ಒಯ್ಯುವ ನರ್ಸರಿ ಸಸಿ ಬೇರೆ. ನೀಲಗಿರಿಯ ಹುಲ್ಲಿನಲ್ಲಿ ನೆಟ್ಟ ಆಸ್ಟ್ರೇಲಿಯಾದ ವ್ಯಾಟಲ್ ಮರ ನೆಟ್ಟವರ ಕೈಮೀರಿ ಹಬ್ಬಿತು. ಈಗ ಅದನ್ನು ಕೀಳುವುದೇ ದೊಡ್ಡ ಕೆಲಸ. ನಾವು ಮಾಡಬೇಕಾದದ್ದು ಬೆಟ್ಟದ ಬುಡದಿಂದ ನೆತ್ತಿಯವರೆಗಿನ ಕಾಡು ತುಂಡಾಗದಂತೆ ಕಾಯುವುದು. ಎರಡನೆಯದು, ಮಾದರಿಗೆ ಬೇಕಾದ ನಿಜವಾದ ಅಂಕಿ ಒದಗಿಸುವವರ ಬೆನ್ನಿಗೆ ನಿಲ್ಲುವುದು. ಬಂಡೀಪುರಕ್ಕೆ ಅಂಟಿಕೊಂಡ ಮುದುಮಲೆಯಲ್ಲಿ 1988ರಲ್ಲಿ 50 ಹೆಕ್ಟೇರ್ ಕಾಡನ್ನು ಗುರುತಿಸಿ, 1 ಸೆಂಟಿಮೀಟರ್ ದಪ್ಪದ ಗಿಡದಿಂದ ಹಿಡಿದು ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು ವಿಜ್ಞಾನಿಗಳು ಅಳೆಯತೊಡಗಿದರು. ನಾನು ಬಾಬಾಬುಡನ್‌ಗಿರಿಯಲ್ಲಿ ತಪ್ಪು ಪಾಠ ಹೇಳಿದ್ದೂ ಅದೇ ವರ್ಷ! ಶೋಲಾ ಕಾಡಿನಲ್ಲೂ ಅಂಥ ತಾಳ್ಮೆಯ ಅಳತೆ ಹೆಚ್ಚಬೇಕು. ಒಂದೇ ದಿನದಲ್ಲಿ ಲಕ್ಷ ಸಸಿ ನೆಟ್ಟರೆ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ, ಮೂವತ್ತು ವರ್ಷ ಮರ ಅಳೆದವನಿಗೆ ಆ ಭಾಗ್ಯವಿಲ್ಲ.

ಶಿಷ್ಯ ಒಪ್ಪಿದನೆಂದು ಹೇಳಲಾರೆ. “ಈ ಮಳೆಗಾಲ ಬೆಟ್ಟ ಬೇಡ ಸಾರ್, ಚಾಮರಾಜಪೇಟೆಯ ಬೀದಿಯಲ್ಲೇ ನೆಡ್ತೀವಿ. ಮುಂದಿನದು ಆಮೇಲೆ ಮಾತಾಡೋಣ” ಎಂದು ಹೊರಟ. ನನಗೆ ಅಷ್ಟೇ ಸಾಕು.

ಅಂದು ಪ್ರಶ್ನೆ ಕೇಳಿದ ಹುಡುಗಿಗೆ ಈಗ ಐವತ್ತು ದಾಟಿರಬೇಕು. ಅಕಸ್ಮಾತ್ ಇದನ್ನು ಓದಿದರೆ ದಯವಿಟ್ಟು ಟಿಪ್ಪಣಿ ತಿದ್ದಿಕೊಳ್ಳಮ್ಮ: ಅದು ಬೋಳಾಗಿರಲಿಲ್ಲ. ಅಲ್ಲಿ ಹುಲ್ಲಿತ್ತು.